ಕುರಿಯ ಒಪ್ಪಿಗೆ ಕೇಳುವವರು, ಬಾಡಿಗೆಗೆ ಬಂದವನ ಜಾತಿ ಕೇಳುವವರು

ಮಂಡ್ಯ ಕಡೆಯವನೊಬ್ಬ ಬಾಡು ಬಿಟ್ಟ ಅಂದರೆ ನೆಂಟರು ಕೇಳುವುದು ಎರಡೇ ಪ್ರಶ್ನೆ. ಡಾಕ್ಟರು ಹೇಳಿದರಾ? ಇಲ್ಲಾ ಯಾವುದಾದರೂ ಮಠಕ್ಕೆ ನಡೆದುಕೊಳ್ತಿದ್ದೀಯಾ? ಕುರಿಗೆ ನೋವಾಗುತ್ತದಲ್ಲ, ಅದಕ್ಕೇ ಬಿಟ್ಟೆ ಅಂದರೆ ಯಾರೂ ನಂಬುವುದಿಲ್ಲ. ನಂಬದಿರುವುದಕ್ಕೆ ಅವರಿಗೆ ಕಾರಣವೂ ಇದೆ. ನಮ್ಮ ಸೀಮೆಯ ಜನರ ಮುಂದೆ ಸಸ್ಯಾಹಾರ ಪ್ರಾಣಿಯ ಪರವಾಗಿ ಬಂದದ್ದು ಕಡಿಮೆ. ಮಡಿಯ ಹೆಸರಿನಲ್ಲಿ, ಹೊರಗೆ ನಿಲ್ಲಿಸುವ ನೆಪದಲ್ಲಿ ಬಂದದ್ದೇ ಹೆಚ್ಚು. ಆದರೂ ಹೇಳುತ್ತೇನೆ: ಮಾಂಸ ಬಿಡುವುದಕ್ಕೆ ಗಟ್ಟಿಯಾದ ನೈತಿಕ ಕಾರಣವಿದೆ. ಅದು ಯಾವ ಮೇಲುಜಾತಿಯ ಪಿತ್ರಾರ್ಜಿತ ಆಸ್ತಿಯೂ ಅಲ್ಲ.

ನಮ್ಮೂರ ಮಾರಿಹಬ್ಬದಲ್ಲಿ ಮರಿ ಕಡಿಯುವ ಮುಂಚೆ ಅದರ ತಲೆಗೆ, ಬೆನ್ನಿಗೆ ನೀರು ಚಿಮುಕಿಸುತ್ತಾರೆ. ಮರಿ ಮೈ ಒದರಬೇಕು. ಒದರಿದರೆ ಅಮ್ಮ ಒಪ್ಪಿದಳು ಅಂತ ಅರ್ಥ. ಅಲ್ಲಿಯವರೆಗೆ ಮಚ್ಚು ಎತ್ತುವ ಹಾಗಿಲ್ಲ. ಒಂದೊಂದು ಸಲ ಅದು ಸುಮ್ಮನೆ ನಿಂತುಬಿಡುತ್ತದೆ, ಕೊರಳಿಗೆ ಕಟ್ಟಿದ ಬೇವಿನಸೊಪ್ಪಿಗೇ ಬಾಯಿ ಹಾಕಲು ನೋಡುತ್ತದೆ. ಆಗ ಇನ್ನೊಂದು ಚೊಂಬು ನೀರು ಬರುತ್ತದೆ. ಹಿರಿಯರೊಬ್ಬರು ಕೈಮುಗಿದು, ‘ತಪ್ಪಾಗಿದ್ರೆ ಹೊಟ್ಟೆಗಾಕ್ಕೊ ತಾಯಿ, ಅಪ್ಪಣೆ ಕೊಡು’ ಅನ್ನುತ್ತಾರೆ. ಸುತ್ತ ನಿಂತ ಜನವೆಲ್ಲ ಉಸಿರು ಬಿಗಿಹಿಡಿದು ಆ ಮರಿಯ ಬೆನ್ನನ್ನೇ ನೋಡುತ್ತಿರುತ್ತಾರೆ. ಕೊಲ್ಲುವುದಕ್ಕೆ ಅಪ್ಪಣೆ ಬೇಕು ಅನ್ನುವ ಅರಿವು ನಮ್ಮ ಜನಕ್ಕೆ ಯಾವತ್ತೂ ಇತ್ತು. ಕಟುಕರು ಅಂತ ನಮ್ಮನ್ನು ಹೀಗಳೆಯುವವರಿಗೆ ಇದು ಗೊತ್ತಿಲ್ಲ. ನನ್ನ ವಾದ ಶುರುವಾಗುವುದೂ ಅಲ್ಲಿಂದಲೇ. ಮರಿ ಒಪ್ಪಿಲ್ಲ. ನೀರು ತಣ್ಣಗಿತ್ತು, ಒದರಿತು, ಅಷ್ಟೇ.

12ನೇ ಶತಮಾನದಲ್ಲಿ ಬಸವಣ್ಣ ಇಂಥದೇ ಒಂದು ಪ್ರಾಣಿಯ ಜೊತೆ ನೇರವಾಗಿ ಮಾತಾಡಿದರು. ‘ಮಾತಿನ ಮಾತಿಂಗೆ ನಿನ್ನ ಕೊಂದಹರೆಂದು ಎಲೆ ಹೋತೇ, ಅಳು ಕಂಡಾ! ವೇದವನೋದಿದವರ ಮುಂದೆ ಅಳು ಕಂಡಾ!’ ಹೋತ ಯಾರ ಮುಂದೆ ಅಳಬೇಕಂತೆ ನೋಡಿ. ಬಡವನ ಗುಡಿಸಲ ಮುಂದೆ ಅಲ್ಲ. ಓದಿದವರ, ಶಾಸ್ತ್ರ ಕೇಳಿದವರ ಮುಂದೆ. ದಯೆಯ ಪ್ರಶ್ನೆ ಅಧಿಕಾರ ಇದ್ದವರ ಕಡೆಗೆ ತಿರುಗಿತ್ತು.

ಇಂಥ ತಿರುಗುಬಾಣವನ್ನು ಇನ್ನೂ ಜೋರಾಗಿ ಬಿಟ್ಟವನೊಬ್ಬನಿದ್ದಾನೆ. ನಮ್ಮಲ್ಲಿ ಅವನ ಹೆಸರು ಕೇಳಿದವರು ಕಡಿಮೆ: ಬೆಂಜಮಿನ್ ಲೇ. ನಾಲ್ಕಡಿಯ ಆಸುಪಾಸಿನ ಎತ್ತರ, ಬೆನ್ನು ಗೂನು. ಕುರಿ ಕಾಯ್ದಿದ್ದ, ಹಡಗಿನಲ್ಲಿ ದುಡಿದಿದ್ದ. ಬಾರ್ಬಡೋಸ್ ದ್ವೀಪದಲ್ಲಿ ಅಂಗಡಿ ಇಟ್ಟುಕೊಂಡಿದ್ದಾಗ ಕಬ್ಬಿನ ತೋಟದ ಗುಲಾಮರ ಸ್ಥಿತಿಯನ್ನು ಕಣ್ಣಾರೆ ಕಂಡ. ಮುಂದೆ ಅಮೆರಿಕದ ಪೆನ್ಸಿಲ್ವೇನಿಯಾಕ್ಕೆ ಹೋಗಿ ಗುಹೆಯಂಥ ಮನೆಯಲ್ಲಿದ್ದುಕೊಂಡು ಹಣ್ಣು, ತರಕಾರಿ, ಹಾಲು, ಜೇನಿನಲ್ಲೇ ಬದುಕಿದ. ಬಟ್ಟೆಯನ್ನು ತಾನೇ ನಾರಿನಿಂದ ನೂತುಕೊಂಡ. ಮಾಂಸ ಮುಟ್ಟಲಿಲ್ಲ, ಗುಲಾಮರು ಬೆಳೆದ ಸಕ್ಕರೆಯನ್ನೂ ಮುಟ್ಟಲಿಲ್ಲ. ಅವನ ಲೆಕ್ಕದಲ್ಲಿ ಎರಡೂ ಒಂದೇ: ಇನ್ನೊಬ್ಬರ ಮೈಯನ್ನು ಅವರ ಒಪ್ಪಿಗೆಯಿಲ್ಲದೆ ಬಳಸಿಕೊಳ್ಳುವುದು.

ಅವನು ಕ್ವೇಕರ್ ಅನ್ನುವ ಕ್ರೈಸ್ತ ಪಂಥದವನು. ಆ ಪಂಥದ ಶ್ರೀಮಂತರೇ ಗುಲಾಮರನ್ನು ಇಟ್ಟುಕೊಂಡಿದ್ದರು. 1738ರಲ್ಲಿ ನ್ಯೂಜೆರ್ಸಿಯ ಬರ್ಲಿಂಗ್‌ಟನ್‌ನಲ್ಲಿ ಪಂಥದ ಸಭೆ ನಡೆಯುವಾಗ, ಒಳಗನ್ನು ಕೊರೆದು ಕೆಂಪು ಕಾಡುಹಣ್ಣಿನ ರಸದ ಚೀಲ ಅಡಗಿಸಿಟ್ಟಿದ್ದ ಪುಸ್ತಕ ಹಿಡಿದು ಎದ್ದುನಿಂತ. ಗುಲಾಮರನ್ನು ಇಟ್ಟುಕೊಂಡವರ ರಕ್ತವನ್ನು ದೇವರು ಹೀಗೇ ಚೆಲ್ಲುತ್ತಾನೆ ಅಂತ ಕತ್ತಿಯಿಂದ ಪುಸ್ತಕಕ್ಕೆ ಇರಿದ. ಅಕ್ಕಪಕ್ಕ ಕೂತಿದ್ದವರ ಬಟ್ಟೆಗೆಲ್ಲ ಕೆಂಪು ಸಿಡಿಯಿತು. ಪಂಥ ಅವನನ್ನು ಹೊರಹಾಕಿತು. 1758ರಲ್ಲಿ ಅದೇ ಪಂಥ ಫಿಲಡೆಲ್ಫಿಯಾದಲ್ಲಿ ಗುಲಾಮರ ವ್ಯಾಪಾರ ಮಾಡುವವರ ಮೇಲೆ ಶಿಸ್ತುಕ್ರಮಕ್ಕೆ ತೀರ್ಮಾನ ಮಾಡಿತು. ಆ ಸುದ್ದಿ ಕೇಳಿಸಿಕೊಂಡು ಮರುವರ್ಷ ಲೇ ತೀರಿಕೊಂಡ.

1933ರಲ್ಲಿ ಸಕ್ಕರೆ ಕಾರ್ಖಾನೆ ಕಟ್ಟಿಕೊಂಡ ಊರಿನವನು ನಾನು, ಈ ಕಥೆಯನ್ನು ಸಲೀಸಾಗಿ ಓದಿ ಮುಗಿಸಲಾರೆ. ನಮ್ಮ ಗದ್ದೆಯ ಕಬ್ಬು ಕಡಿಯಲು ದೂರದ ಜಿಲ್ಲೆಗಳಿಂದ ಕುಟುಂಬಗಳು ಬಂದು ಬದುವಿನ ಮೇಲೆ ಗುಡಿಸಲು ಹಾಕಿಕೊಳ್ಳುತ್ತವೆ. ಆ ಮಕ್ಕಳು ಶಾಲೆ ಬಿಟ್ಟು ಸೋಗೆ ಎಳೆಯುತ್ತಿರುವಾಗ, ಅದೇ ಸಕ್ಕರೆಯ ಸಿಹಿಪೊಂಗಲ್ ಪೂರಾ ಅಹಿಂಸೆಯ ಊಟ ಅಂತ ನನಗೆ ಹೇಳಲಾಗದು.

ತಮಿಳುನಾಡಿನ ವಡಲೂರಿನ ಸಂತ ರಾಮಲಿಂಗ ವಳ್ಳಲಾರ್ ನನಗೆ ಇನ್ನೂ ಹತ್ತಿರದವರು. ಬಾಡಿದ ಪೈರು ಕಂಡಾಗಲೆಲ್ಲ ನಾನೂ ಬಾಡಿದೆ ಅಂದವರು. ಕಾವೇರಿ ನೀರಿನ ಜಗಳದಲ್ಲಿ ತಮಿಳರನ್ನು ಬಯ್ಯುತ್ತಲೇ ಬೆಳೆದ ನಮ್ಮಂಥವರು ಈ ಮಾತನ್ನು ಒಮ್ಮೆ ನಿಧಾನವಾಗಿ ಓದಬೇಕು. ಅವರು 1867ರಲ್ಲಿ ಹೊತ್ತಿಸಿದ ಅನ್ನದ ಮನೆಯ ಒಲೆ ಇವತ್ತಿಗೂ ಆರಿಲ್ಲ. ಕೊಲೆ, ಮಾಂಸ ಬಿಟ್ಟವರಷ್ಟೇ ಒಳಗೆ ಬನ್ನಿ ಅಂತ ಅಲ್ಲಿನ ಜ್ಞಾನಸಭೆಯ ಬಾಗಿಲಲ್ಲಿ ಬರೆದಿದೆ. ಊಟದ ಮನೆಯಲ್ಲಿ ಮಾತ್ರ ಜಾತಿಯನ್ನೂ ಕೇಳುವುದಿಲ್ಲ, ನಿನ್ನೆ ಏನು ತಿಂದೆ ಅಂತಲೂ ಕೇಳುವುದಿಲ್ಲ. ಹಸಿವಿಗೆ ಷರತ್ತಿಲ್ಲ. ಕೇರಳದ ನಾರಾಯಣ ಗುರುಗಳೂ ‘ಜೀವಕಾರುಣ್ಯ ಪಂಚಕ’ ಬರೆದು ಕೊಲ್ಲಬೇಡಿ, ತಿನ್ನಬೇಡಿ ಅಂದರು. ಅವರು ಗುಡಿಯೊಳಗೆ ಬಿಡದೆ ಹೊರಗಿಟ್ಟಿದ್ದ ಜಾತಿಯಲ್ಲಿ ಹುಟ್ಟಿದವರು, ಮಾತಾಡಿದ್ದು ಮೊದಲು ತಮ್ಮವರ ಜೊತೆಗೇ.

ಈಗ ನಮ್ಮ ಮೈಸೂರಿಗೆ ಬನ್ನಿ. ಬಾಡಿಗೆ ಮನೆ ಹುಡುಕುವಾಗ ಒಬ್ಬ ಮಾಲೀಕರು, ‘ನಾನ್‌ವೆಜ್ಜಾ ನೀವು?’ ಅಂದರು. ಇಲ್ಲ ಸಾರ್, ಬಿಟ್ಟು ಬಹಳ ವರ್ಷ ಆಯ್ತು ಅಂದೆ. ಮುಖ ಸ್ವಲ್ಪ ಸಡಿಲವಾಯಿತು. ಮರುಕ್ಷಣವೇ, ‘ಅಲ್ಲ, ನಿಮ್ಮದು ಯಾವ ಜನ?’ ಅಂದರು. ನನ್ನ ತಟ್ಟೆಯಲ್ಲಿ ಕುರಿ ಇಲ್ಲ ಅನ್ನುವುದು ಖಾತ್ರಿಯಾದ ಮೇಲೂ ಆ ಪ್ರಶ್ನೆ ಬಂತು ಅಂದರೆ ಮೊದಲ ಪ್ರಶ್ನೆ ಕುರಿಯ ಬಗ್ಗೆ ಆಗಿರಲಿಲ್ಲ. ಮನೆ ಸಿಗಲಿಲ್ಲ. ಅವರು ಉಟ್ಟಿದ್ದದ್ದು ರೇಷ್ಮೆ ಮಡಿ. ಗೂಡಿನೊಳಗೆ ಹುಳ ಇರುವಾಗಲೇ ಬಿಸಿನೀರಿನಲ್ಲಿ ಬೇಯಿಸಿ ಆ ನೂಲು ತೆಗೆಯುತ್ತಾರೆ. ಮಡಿಗೂ ದಯೆಗೂ ನಂಟಿಲ್ಲ ಅನ್ನುವುದಕ್ಕೆ ನನಗೆ ಬೇರೆ ಸಾಕ್ಷಿ ಬೇಡ.

2024ರ ಡಿಸೆಂಬರ್‌ನಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಮಾಡಿದ ನಿಯಮದಲ್ಲಿ ಮದ್ಯ, ತಂಬಾಕಿನ ಜೊತೆ ಮಾಂಸವನ್ನೂ ಸೇರಿಸಿದಾಗ ನಮ್ಮ ಜಿಲ್ಲೆ ಎದ್ದು ನಿಂತಿತು. ಸಸ್ಯಾಹಾರಿಯಾಗಿ ಹೇಳುತ್ತೇನೆ, ಆ ಸಿಟ್ಟು ನ್ಯಾಯವಾದದ್ದು. ಅವ್ವ ಮಾಡುವ ನಾಟಿಕೋಳಿ ಸಾರನ್ನು ಬೀಡಿಯ ಸಾಲಿನಲ್ಲಿಟ್ಟರೆ ಯಾವ ಕೋಳಿಯೂ ಉಳಿಯುವುದಿಲ್ಲ, ಮನುಷ್ಯರಿಗೆ ಅವಮಾನವಾಗುತ್ತದೆ ಅಷ್ಟೇ. ಆಹಾರವನ್ನು ಮೇಲುಕೀಳಿನ ಅಳತೆಗೋಲು ಮಾಡಿಕೊಂಡ ಚರಿತ್ರೆಯನ್ನು ಅಂಬೇಡ್ಕರ್ 1948ರಲ್ಲೇ ಬಿಡಿಸಿಟ್ಟಿದ್ದಾರೆ. ಅದನ್ನು ಎದುರಿಸದೆ ಸಸ್ಯಾಹಾರದ ಪರ ಮಾತಾಡಲು ಯಾರಿಗೂ ಹಕ್ಕಿಲ್ಲ.

ಆದರೆ ಬಾಡೂಟದ ಪರ ನಿಂತ ಗೆಳೆಯರನ್ನೂ ಒಂದು ಮಾತು ಕೇಳಬೇಕು. ನಾವು ಈಗ ತಿನ್ನುತ್ತಿರುವುದು ಹಿತ್ತಲಲ್ಲಿ ಕೆದಕಿಕೊಂಡು ಬೆಳೆದ ಕೋಳಿಯನ್ನಾ? ಬ್ರಾಯ್ಲರ್ ಕೋಳಿಯ ಆಯಸ್ಸು ಸುಮಾರು ಆರು ವಾರ. ತನ್ನ ಮೈಯ ಭಾರ ತನ್ನ ಕಾಲಿಗೇ ಹೊರಲಾಗದ ಹಾಗೆ ಅದನ್ನು ಬೆಳೆಸುತ್ತಾರೆ. ಮೊಟ್ಟೆಕೋಳಿಗೆ ಪಂಜರದಲ್ಲಿ ಸಿಗುವ ಜಾಗ ಒಂದು ಎ4 ಹಾಳೆಯಷ್ಟೂ ಇಲ್ಲ. ಆ ತಳಿಯಲ್ಲಿ ಗಂಡುಮರಿ ಹುಟ್ಟಿದರೆ ಅದೇ ದಿನ ಸಾಯಿಸುತ್ತಾರೆ. ಇಲ್ಲಿ ಯಾರೂ ಚೊಂಬು ನೀರು ತರುವುದಿಲ್ಲ, ಯಾರೂ ಕೈಮುಗಿಯುವುದಿಲ್ಲ. ಇನ್ನು ನಮ್ಮ ಸೀಮೆಹಸುಗಳ ಗಂಡುಕರುಗಳು ಎಲ್ಲಿಗೆ ಹೋಗುತ್ತವೆ ಅಂತ ಹಾಲು ಕುಡಿಯುವ ನಾನೂ ಉತ್ತರ ಹೇಳಬೇಕು.

ಶಾಲೆಯಲ್ಲಿ ಮಕ್ಕಳಿಗೆ ಮೊಟ್ಟೆ ಕೊಡಬಾರದು ಅನ್ನುವ ಮನವಿಯೊಂದು ನನಗೂ ವಾಟ್ಸಾಪಿನಲ್ಲಿ ಬಂದಿದೆ, ನೀವು ಸಸ್ಯಾಹಾರಿ ಅಲ್ವಾ, ಸಹಿ ಹಾಕಿ ಅಂತ. ಹಾಕುವುದಿಲ್ಲ. ಮನೆಯಲ್ಲಿ ಬೇಳೆ, ತುಪ್ಪ, ಹಾಲು ಇರುವ ನಾನು, ಅವೊಂದೂ ಇಲ್ಲದ ಮಗುವಿನ ತಟ್ಟೆಯಿಂದ ನನ್ನ ಅಹಿಂಸೆಯನ್ನು ಶುರು ಮಾಡಲಾರೆ. ಆ ಪಂಜರಗಳನ್ನು ತೆಗೆಸಬೇಕು, ಕಬ್ಬು ಕಡಿಯುವವರ ಮಕ್ಕಳನ್ನು ಶಾಲೆಗೆ ಸೇರಿಸಬೇಕು ಅಂತ ಯಾರಾದರೂ ಮನವಿ ಬರೆದಿದ್ದರೆ ಕಳಿಸಿ, ಇವತ್ತೇ ಸಹಿ ಹಾಕುತ್ತೇನೆ.