ಸ್ಟಾಕಿನಲ್ಲಿರುವ ಚಪ್ಪಾಳೆ

ಆಸ್ಕರ್ 2029ರಿಂದ ಟೀವಿ ಬಿಟ್ಟು ಯೂಟ್ಯೂಬಿಗೆ ಹೋಗುತ್ತದಂತೆ. ಈ ಸುದ್ದಿಗೆ ಹಾಲಿವುಡ್ಡಿನಲ್ಲಿ ಯಾರು ಅತ್ತರೋ, ತುಮಕೂರಿನಲ್ಲಂತೂ ಯಾರ ಕಾಫಿಯೂ ಆರಲಿಲ್ಲ. ಆ ಸಮಾರಂಭ ನಮಗೆ ಕಾಣುವುದೇ ಸೋಮವಾರ ಬೆಳಗಿನ ಜಾವ. ಕ್ಯಾತ್ಸಂದ್ರದಲ್ಲಿ ಅಷ್ಟು ಹೊತ್ತಿಗೆ ತಟ್ಟೆಗಳಿಗೆ ಇಡ್ಲಿ ಹಿಟ್ಟು ಹುಯ್ಯುತ್ತಿರುತ್ತಾರೆ. ಮುಚ್ಚಳ ತೆಗೆದಾಗ ಇಡ್ಲಿ ಉಬ್ಬಿದೆಯೋ ಕೂತಿದೆಯೋ ಎಂಬುದರಲ್ಲಿ ಇರುವಷ್ಟು ಕುತೂಹಲ ಕೂಡ ಈಗ ಗೆದ್ದವರ ಹೆಸರಿರುವ ಆ ಲಕೋಟೆಯಲ್ಲಿ ಉಳಿದಿಲ್ಲ.

1998ರಲ್ಲಿ ‘ಟೈಟಾನಿಕ್’ಗೆ ಹನ್ನೊಂದು ಪ್ರಶಸ್ತಿ ಕೊಟ್ಟ ರಾತ್ರಿ ಅಮೆರಿಕದಲ್ಲಿ ಸುಮಾರು ಐದೂವರೆ ಕೋಟಿ ಜನ ಟೀವಿ ಮುಂದಿದ್ದರು. 2021ರಲ್ಲಿ ಉಳಿದವರು ಸುಮಾರು ಒಂದು ಕೋಟಿ. ಆಮೇಲೆ ಎರಡು ಕೋಟಿಯ ಹತ್ತಿರಕ್ಕೆ ಏದುಸಿರು ಬಿಡುತ್ತ ಬಂದಿದೆ. ಮುಳುಗುವ ಹಡಗಿಗೆ ಅಷ್ಟೊಂದು ಪ್ರಶಸ್ತಿ ಕೊಡಬಾರದಿತ್ತೇನೋ.

ನಮ್ಮ ಚಾನೆಲ್ಲುಗಳ ಸಮಾರಂಭಗಳದ್ದೂ ಇದೇ ಕತೆ, ಆದರೆ ಕಸುಬಿನಲ್ಲಿ ನಾವು ಒಂದು ಕೈ ಮೇಲೆ. ಮೊದಲು ಯಾರು ಬರುತ್ತಾರೆ ಎಂದು ಫೋನು ಮಾಡಿ ಖಚಿತ ಮಾಡಿಕೊಳ್ಳಬೇಕು. ಆಮೇಲೆ ಬರುವವರ ಅಳತೆಗೆ ಪ್ರಶಸ್ತಿ ಹೊಲಿಸಬೇಕು. ‘ಅತ್ಯುತ್ತಮ ನಟ’ ಒಂದೇ ಇದ್ದರೆ ಉಳಿದ ನಾಲ್ವರು ಮುನಿಸಿಕೊಳ್ಳುತ್ತಾರೆ. ಆದ್ದರಿಂದ ವಿಮರ್ಶಕರ ಆಯ್ಕೆ, ವೀಕ್ಷಕರ ಆಯ್ಕೆ, ವರ್ಷದ ಸ್ಟೈಲು, ದಶಕದ ಸ್ಟೈಲು. ಸೀರಿಯಲ್ಲಿನವರಾದರೆ ಅತ್ಯುತ್ತಮ ಅತ್ತೆ, ಅತ್ಯುತ್ತಮ ಸೊಸೆ, ಅತ್ಯುತ್ತಮ ಅತ್ತೆ–ಸೊಸೆ ಜೋಡಿ. ಕೊಡುವ ಚಾನೆಲ್ಲೂ ಅದೇ, ತೆಗೆದುಕೊಳ್ಳುವ ಸೀರಿಯಲ್ಲೂ ಅದರದ್ದೇ. ಮನೆಯ ಹೆಸರುಬೇಳೆ ಮನೆಯ ಸಾರಿಗೇ ಬಿದ್ದಿತು, ನಷ್ಟ ಯಾರಿಗೂ ಇಲ್ಲ.

ಅಸಲಿ ಕೈಚಳಕ ಇರುವುದು ಚಪ್ಪಾಳೆಯಲ್ಲಿ. ಸಭಾಂಗಣದಲ್ಲಿ ಎಂಟು ಹತ್ತು ಕ್ಯಾಮೆರಾ ಇದ್ದರೆ ಒಂದೆರಡು ಬರೀ ಪ್ರೇಕ್ಷಕರ ಮುಖಕ್ಕೆ ಮೀಸಲು. ಸಂಜೆ ಶುರುವಿನಲ್ಲಿ ಕುರ್ಚಿಗಳು ತುಂಬಿರುವಾಗಲೇ ನಗು, ಕಣ್ಣೊರೆಸುವುದು, ಎದ್ದು ನಿಂತು ತಟ್ಟುವುದು ಎಲ್ಲವನ್ನೂ ತುಂಬಿಸಿಟ್ಟುಕೊಳ್ಳುತ್ತಾರೆ, ಮಳೆಗಾಲಕ್ಕೆ ಮುಂಚೆ ಸೌದೆ ಒಟ್ಟಿದ ಹಾಗೆ. ರಾತ್ರಿ ಹನ್ನೊಂದಕ್ಕೆ ತಾರೆಯರು ಕಾರು ಹತ್ತಿ ಹೋದ ಮೇಲೂ ಎಡಿಟರನ ಹತ್ತಿರ ಸ್ಟಾಕ್ ಇರುತ್ತದೆ. ಎಡವಟ್ಟಾಗುವುದೂ ಅಲ್ಲೇ. ವೇದಿಕೆಯ ಮೇಲೆ ಪ್ರಶಸ್ತಿ ಹಿಡಿದು ನಿಂತವನು ಮರುಕ್ಷಣ ಮುಂದಿನ ಸಾಲಿನಲ್ಲಿ ಕೂತು ತನಗೇ ಚಪ್ಪಾಳೆ ತಟ್ಟುತ್ತಿರುತ್ತಾನೆ. ಕೋಟು ಇದ್ದವನ ಮೈಮೇಲೆ ಕೋಟಿಲ್ಲ, ಖಾಲಿಯಾಗಿದ್ದ ನೀರಿನ ಬಾಟಲಿ ತುಂಬಿದೆ. ದುಃಖದ ಮಾತಿಗೆ ಹಿರಿಯ ನಟಿ ಹೊಟ್ಟೆ ಹಿಡಿದು ನಗುತ್ತಾರೆ, ಆ ನಗು ಎರಡು ಗಂಟೆ ಹಿಂದಿನ ಕಾಮಿಡಿ ಸ್ಕಿಟ್ಟಿನದ್ದು. ಹಿಂದಿನ ಸಾಲುಗಳ ಮೇಲೆ ಲೈಟು ಬಿಡುವುದೇ ಇಲ್ಲ. ಯಾಕೆ ಎಂದು ಕೇಳಬೇಡಿ.

ಹೀಗೆ ಬೇಯಿಸಿದ್ದನ್ನು ವಾರಗಟ್ಟಲೆ ಆರಲು ಬಿಟ್ಟು, ಎರಡು ಭಾನುವಾರಕ್ಕೆ ಸೀಳಿ ಬಡಿಸುತ್ತಾರೆ. ಕೇಬಲ್ ಟೀವಿ ನಿಯಮದ ಪ್ರಕಾರ ಗಂಟೆಗೆ ಹನ್ನೆರಡು ನಿಮಿಷ ಜಾಹೀರಾತು: ಹತ್ತು ವ್ಯಾಪಾರಿಗಳದ್ದು, ಎರಡು ಚಾನೆಲ್ಲಿನ ಸ್ವಂತದ್ದು. ನಾಲ್ಕು ಗಂಟೆಗೆ ನಲವತ್ತೆಂಟು ನಿಮಿಷ. ಅದರ ಮೇಲೆ ‘ಬ್ರೇಕ್ ನಂತರ’ ಎಂದು ತೋರಿಸಿದ್ದನ್ನೇ ಬ್ರೇಕ್ ನಂತರ ಮತ್ತೊಮ್ಮೆ ತೋರಿಸುವ ಸೇವೆ ಬೇರೆ. ಗೆದ್ದವರು ಪ್ರಶಸ್ತಿಯ ಜೊತೆ ಅದೇ ರಾತ್ರಿ ಫೋಟೋ ಹಾಕಿರುತ್ತಾರೆ. ಆಂಕರ್ ಮಾತ್ರ ಮೂರು ವಾರ ಆದ ಮೇಲೂ ‘ಯಾರಿರಬಹುದು?’ ಎಂದು ಉಸಿರು ಬಿಗಿಹಿಡಿದಿರುತ್ತಾರೆ.

ಇದಕ್ಕೆ ಪೂರ್ವಜರ ಆಧಾರ ಉಂಟು ಎನ್ನಬೇಕು. 1929ರ ಮೊಟ್ಟಮೊದಲ ಆಸ್ಕರಿನಲ್ಲೂ ಗೆದ್ದವರ ಹೆಸರು ಮೂರು ತಿಂಗಳು ಮೊದಲೇ ಪ್ರಕಟವಾಗಿತ್ತು. ಪ್ರಶಸ್ತಿ ಕೊಟ್ಟು ಮುಗಿಸಿದ್ದು ಹದಿನೈದು ನಿಮಿಷದಲ್ಲಿ. ನಮ್ಮವರು ಆ ಸಂಪ್ರದಾಯದ ಮೊದಲರ್ಧವನ್ನು ಮಾತ್ರ ನಿಷ್ಠೆಯಿಂದ ಉಳಿಸಿಕೊಂಡಿದ್ದಾರೆ.

2017ರ ಆಸ್ಕರಿನಂಥ ಅಚಾತುರ್ಯವೂ ಇಲ್ಲಿ ಸಾಧ್ಯವಿಲ್ಲ. ಅಲ್ಲಿ ವೇದಿಕೆಯ ಎರಡೂ ಪಕ್ಕ ಒಂದೊಂದು ಪೆಟ್ಟಿಗೆ, ಎರಡರಲ್ಲೂ ಪೂರ್ತಿ ಸೆಟ್ ಲಕೋಟೆ. ಒಂದು ಪಕ್ಕದಿಂದ ಅತ್ಯುತ್ತಮ ನಟಿಯ ಲಕೋಟೆ ಹೋಯಿತು, ಇನ್ನೊಂದು ಪಕ್ಕದಲ್ಲಿ ಅದರ ಜೋಡಿ ಉಳಿಯಿತು. ಅದನ್ನು ಬದಿಗಿಡದೆ ಅತ್ಯುತ್ತಮ ಚಿತ್ರ ಘೋಷಿಸುವವರ ಕೈಗೆ ಕೊಟ್ಟುಬಿಟ್ಟರು. ‘ಮೂನ್‌ಲೈಟ್’ಗೆ ಸಲ್ಲಬೇಕಾದ್ದು ‘ಲಾ ಲಾ ಲ್ಯಾಂಡ್’ ಕೈಗೆ ಹೋಗಿ ವಾಪಸು ಬಂತು. ನಮ್ಮಲ್ಲಿ ಲಕೋಟೆಯೊಳಗೆ ಕಿರಾಣಿ ಚೀಟಿ ಇಟ್ಟರೂ ತೊಂದರೆಯಿಲ್ಲ. ಗೆಲ್ಲದವರು ಬಂದಿದ್ದರೆ ತಾನೆ ತಪ್ಪಾಗುವುದು!

‘ಜನರಿಗೆ ತಾಳ್ಮೆ ಇಲ್ಲ, ಎಲ್ಲ ರೀಲ್ಸ್ ನೋಡಿ ಹಾಳಾದರು’ ಅನ್ನುವುದು ಚಾನೆಲ್ಲಿನವರ ಅಳಲು. ಅವರು ಒಂದು ರಾತ್ರಿ ತುಮಕೂರು ಸೀಮೆಯ ಯಾವುದಾದರೂ ಹಳ್ಳಿಗೆ ಬಂದು ‘ಕುರುಕ್ಷೇತ್ರ’ ನಾಟಕ ನೋಡಲಿ. ರಾತ್ರಿ ಹತ್ತಕ್ಕೆ ಶುರುವಾದರೆ ಕೋಳಿ ಕೂಗಿದರೂ ದುರ್ಯೋಧನನ ತೊಡೆ ಮುರಿದಿರುವುದಿಲ್ಲ. ಯಾರು ಗೆಲ್ಲುತ್ತಾರೆ ಎಂಬುದು ವ್ಯಾಸರ ಕಾಲದಿಂದ ಲೀಕ್ ಆಗಿದೆ. ಆದರೂ ಜನ ಚಾಪೆ ಹಾಸಿ ಕೂತಿರುತ್ತಾರೆ. ಅಲ್ಲೂ ದುಡ್ಡಿನ ವ್ಯವಹಾರ ಇದೆ: ಪಾತ್ರ ಮಾಡುವವರೇ ಕೈಯಿಂದ ಹಣ ಹಾಕಬೇಕು, ಕೃಷ್ಣ, ದುರ್ಯೋಧನರಿಗೆ ಹೆಚ್ಚು, ಸಣ್ಣಪುಟ್ಟ ಪಾತ್ರಕ್ಕೆ ಕಡಿಮೆ. ಅದು ಊರಿಗೆಲ್ಲ ಗೊತ್ತು, ಯಾರೂ ಅದನ್ನು ‘ವೀಕ್ಷಕರ ಆಯ್ಕೆ’ ಎಂದು ಕರೆಯುವುದಿಲ್ಲ. ಶ್ರುತಿ ತಪ್ಪಿದರೆ ಹಾರ್ಮೋನಿಯಂ ಮೇಷ್ಟ್ರು ಎಲ್ಲರ ಎದುರೇ ಕಣ್ಣು ಕೆಂಪಗೆ ಮಾಡುತ್ತಾರೆ. ಕಂದಪದ್ಯ ಚೆನ್ನಾಗಿ ಹಾಡಿದರೆ ‘ಒನ್ಸ್ ಮೋರ್’. ಯಾರೋ ಭಾವಮೈದುನ ಮೇಲೆ ಹತ್ತಿ ಹಾರ ಹಾಕಿ ನೋಟು ಸಿಕ್ಕಿಸುತ್ತಾನೆ, ಅಷ್ಟು ಹೊತ್ತು ಕರ್ಣ ಬಾಣ ಇಳಿಸಿ ಕಾಯುತ್ತಾನೆ. ಗುಬ್ಬಿ ವೀರಣ್ಣನವರು ಇದೇ ನೆಲದಿಂದ ಹೊರಟು ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ ಕುದುರೆ ತಂದು ನಿಲ್ಲಿಸಿದವರು. ನಿಜವಾದ ಚಪ್ಪಾಳೆ ತರಲಾರದವರು ಎಲ್‌ಇಡಿ ಪರದೆಯಲ್ಲಿ ಆನೆ ಓಡಿಸುತ್ತಿದ್ದಾರೆ.

ತಿಪಟೂರಿನ ಹಾಸ್ಯನಟ ನರಸಿಂಹರಾಜು ಇಂಥ ಒಂದು ಭಾನುವಾರವನ್ನೂ ಕಾಣದೆ 1979ರಲ್ಲಿ ಹೋದರು. ಇಂದಿಗೂ ಅವರ ಮುಖ ಕಂಡರೆ ಜನ ನಗುತ್ತಾರೆ, ಯಾರೂ ಸ್ಟಾಕಿನ ನಗು ತಂದು ಅಂಟಿಸಬೇಕಾಗಿಲ್ಲ.

ಸರ್ಕಾರದ್ದು ಇನ್ನೊಂದು ರಾಗ. 2019ನೇ ಸಾಲಿನ ರಾಜ್ಯ ಚಲನಚಿತ್ರ ಪ್ರಶಸ್ತಿ ಪ್ರಕಟವಾದದ್ದು 2025ರ ಜನವರಿಯಲ್ಲಿ, 2021ರದ್ದು 2025ರ ಅಕ್ಟೋಬರಿನಲ್ಲಿ. 2019ರ ಅತ್ಯುತ್ತಮ ನಟ ಸುದೀಪ್ ತಮಗೆ ಬೇಡ ಎಂದರು. ತಿಪಟೂರಿನಲ್ಲಿ ಆರು ವರ್ಷ ಹಳೆಯ ಕೊಬ್ಬರಿ ತಂದು ಹರಾಜಿಗೆ ಸುರಿದರೆ ಏನಾಗುತ್ತದೋ ಅದೇ ಆಯಿತು.

ಇಷ್ಟನ್ನೂ ನಕ್ಕು ಬಿಡಬಹುದು. ನಗು ಬಾರದ್ದು ಒಂದಿದೆ. ಧ್ವನಿಗ್ರಹಣ, ಸಂಕಲನ, ಪ್ರಸಾಧನ, ಕಲಾನಿರ್ದೇಶನ ಇವುಗಳ ಪ್ರಶಸ್ತಿಗಳನ್ನು ಚಾನೆಲ್ಲಿನವರು ಹೊತ್ತಿಗೆ ಮುಂಚೆ, ಖಾಲಿ ಕುರ್ಚಿಗಳೆದುರು ಕೊಟ್ಟು, ಪ್ರಸಾರದಲ್ಲಿ ಇಪ್ಪತ್ತು ಸೆಕೆಂಡಿಗೆ ಅರೆದು ಹಾಕುತ್ತಾರೆ. 2022ರಲ್ಲಿ ಆಸ್ಕರಿನವರೂ ಎಂಟು ವಿಭಾಗಗಳಿಗೆ ಹೀಗೇ ಮಾಡಿದರು, ಛೀಮಾರಿ ಬಿದ್ದ ಮೇಲೆ ಮರುವರ್ಷ ಎಲ್ಲವನ್ನೂ ವೇದಿಕೆಗೆ ತಂದರು. ನಮ್ಮಲ್ಲಿ ಛೀಮಾರಿಯನ್ನಾದರೂ ಯಾರು ಹಾಕಬೇಕು? ಆ ಪ್ರಶಸ್ತಿಗಳಲ್ಲಿ ಮಾತ್ರ ಒಂದಿಷ್ಟು ಸತ್ಯ ಇತ್ತು. ತಿಂಗಳುಗಟ್ಟಲೆ ಕತ್ತಲ ಕೋಣೆಯಲ್ಲಿ ಕೂತು ಬೇರೆಯವರ ಮಾತಿಗೆ ದನಿ ಹೊಂದಿಸಿದವನು ವರ್ಷಕ್ಕೊಮ್ಮೆ ಇಸ್ತ್ರಿ ಅಂಗಿ ಹಾಕಿ, ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದಿರುತ್ತಾನೆ. ಅವನ ಹೆಸರನ್ನು ನೆಟ್ಟಗೆ ಓದುವಷ್ಟು ಪುರುಸೊತ್ತಿಲ್ಲ. ತುಟಿ ಆಡಿಸಿ ಕುಣಿಯುವವರಿಗೆ ಹನ್ನೆರಡು ನಿಮಿಷ ಇದೆ. ಸಾಕಾಗಿದೆ ಇದು.

ಟೀವಿ ಸಮಾರಂಭದ ಎರಡನೇ ಭಾಗ ಮುಂದಿನ ಭಾನುವಾರ ಸಂಜೆ ಏಳಕ್ಕಂತೆ. ಗುಬ್ಬಿ ದಾರಿಯ ಯಾವುದೋ ಊರಿನಲ್ಲಿ ಅವತ್ತೇ ರಾತ್ರಿ ‘ಕುರುಕ್ಷೇತ್ರ’ವೂ ಇರುತ್ತದೆ. ಬರುವಾಗ ಚಾಪೆ ತನ್ನಿ, ಬೆಳಗಿನ ಜಾವಕ್ಕೆ ಚಳಿ ಜಾಸ್ತಿ.