ಕ್ಯಾಲೆಂಡರಿನಲ್ಲಿ ಆಗಿಹೋದದ್ದನ್ನು ತಿದ್ದಬೇಡಿ

ಎರಡು ವರ್ಷದಿಂದ ಪ್ರತಿ ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ನಮ್ಮ ತಂಡದ ಮೀಟಿಂಗ್. ಅದು ಗುರುವಾರ ಸಂಜೆ ನಾಲ್ಕಕ್ಕೆ ಹೋದಾಗ ಕ್ಯಾಲೆಂಡರ್ ತೆಗೆದು ಸಮಯ ತಿದ್ದಿದೆ. ಈ ಒಂದು ಮೀಟಿಂಗೋ, ಎಲ್ಲವೂನೋ ಅಂತ ಅದೇನೋ ಕೇಳಿತು, ಓದುವ ವ್ಯವಧಾನ ಯಾರಿಗಿದೆ, 'ಎಲ್ಲವೂ' ಅಂತ ಒತ್ತಿದೆ.

ತಿಂಗಳಾದ ಮೇಲೆ ಹಳೆಯ ಕೆಲಸದ ಗಂಟೆಗಳ ಲೆಕ್ಕ ಬರೆಯಲು ಕೂತರೆ, ಎರಡು ವರ್ಷವೂ ನಾನು ಗುರುವಾರ ಸಂಜೆಯೇ ಮೀಟಿಂಗಿನಲ್ಲಿದ್ದೆ! ರದ್ದು ಮಾಡಿದ್ದ ವಾರಗಳೂ ಎದ್ದು ಕೂತಿದ್ದವು. ನಡೆಯದ ಮೀಟಿಂಗಿಗೆ ಸಾಕ್ಷಿ ಹೇಳುವ ಕ್ಯಾಲೆಂಡರ್.

ಯಾಕೆ ಹೀಗಾಯಿತು ಅಂದರೆ, ಕ್ಯಾಲೆಂಡರ್ ನೂರು ಮೀಟಿಂಗ್‌ಗಳನ್ನು ಬೇರೆ ಬೇರೆಯಾಗಿ ಬರೆದಿಟ್ಟುಕೊಳ್ಳುವುದಿಲ್ಲ. ಶುರುವಾದ ದಿನ, 'ವಾರಕ್ಕೊಮ್ಮೆ' ಎಂಬ ಒಂದು ನಿಯಮ, ಬಿಟ್ಟ ದಿನಗಳ ಒಂದು ಪಟ್ಟಿ, ಇಷ್ಟೇ. ಉಳಿದದ್ದನ್ನು ತೋರಿಸುವಾಗ ಲೆಕ್ಕ ಹಾಕುತ್ತದೆ. ನಿಯಮವನ್ನೇ ತಿದ್ದಿದರೆ ಹಿಂದಿನದೂ ಮುಂದಿನದೂ ಒಟ್ಟಿಗೆ ಜರುಗುತ್ತವೆ. ಬಿಟ್ಟ ದಿನಗಳ ಪಟ್ಟಿಯಲ್ಲಿ ಇನ್ನೂ ಮಂಗಳವಾರದ ಹತ್ತು ಗಂಟೆಯೇ ಇದ್ದರೆ ಅದು ಹೊಸ ಗುರುವಾರಗಳಿಗೆ ತಾಳೆಯಾಗುವುದಿಲ್ಲ, ರದ್ದಾದದ್ದು ಮತ್ತೆ ಬರುತ್ತದೆ.

ಗೂಗಲ್ ಕ್ಯಾಲೆಂಡರಿನಲ್ಲಿ ನಡುವಿನ ಆಯ್ಕೆ ಇದೆ: ಇದು ಮತ್ತು ಇದರ ಮುಂದಿನವು. ಆಪಲ್‌ನಲ್ಲೂ ಮುಂದಿನವಕ್ಕೆ ಮಾತ್ರ ಅನ್ನಬಹುದು. ಹಳೆಯ ಡೆಸ್ಕ್‌ಟಾಪ್ ಔಟ್‌ಲುಕ್ ಮಾತ್ರ ಇದೊಂದೋ, ಇಡೀ ಸರಣಿಯೋ ಎಂದಷ್ಟೇ ಕೇಳುತ್ತದೆ. ಅಲ್ಲಿ ಕೈಯಾರೆ ಮಾಡಬೇಕು. ಹಳೆಯ ಸರಣಿಗೆ ಕೊನೆಯ ದಿನಾಂಕ ಕೊಟ್ಟು ನಿಲ್ಲಿಸಿ, ಹೊಸ ಸಮಯಕ್ಕೆ ಹೊಸ ಸರಣಿ ಶುರು ಮಾಡುವುದು. 'ಮುಂದಿನವು' ಒತ್ತಿದಾಗ ಸಾಮಾನ್ಯವಾಗಿ ಒಳಗೆ ನಡೆಯುವುದೂ ಇದೇ ಕತ್ತರಿ ಕೆಲಸ.

ಈಗ ನಾನು ಎಲ್ಲ ಕಡೆಯೂ ಕೈಯಿಂದಲೇ ಕತ್ತರಿಸುತ್ತೇನೆ. ಎಲ್ಲಿ ಕತ್ತರಿಸಿದೆ ಅಂತ ನನಗೆ ಗೊತ್ತಿರುತ್ತದೆ. ಕೊನೆಯ ದಿನಾಂಕವೂ ಲೆಕ್ಕಕ್ಕೆ ಸೇರುತ್ತದೆ, ಹಾಗಾಗಿ ಕೊನೆಯದಾಗಿ ನಡೆದ ಮಂಗಳವಾರವನ್ನೇ ಕೊಡಿ. 'ಒಟ್ಟು ಇಪ್ಪತ್ತು ಸಲ' ಅಂತ ಇಟ್ಟ ತರಗತಿಯಾದರೆ ಮುಗಿದವನ್ನು ಕಳೆದು ಉಳಿದದ್ದನ್ನಷ್ಟೇ ಹೊಸದಕ್ಕೆ ಹಾಕಿ, ಇಲ್ಲವಾದರೆ ಮುಗಿಯಬೇಕಾದ ತರಗತಿ ಮುಗಿಯುವುದೇ ಇಲ್ಲ. ಮುಂದಿನ ಯಾವುದೋ ಒಂದು ವಾರಕ್ಕೆ ಮೊದಲೇ ಮಾಡಿಟ್ಟ ಬದಲಾವಣೆಯೂ ಹೊಸ ಸರಣಿಗೆ ತಾನಾಗಿ ಬರುವುದಿಲ್ಲ, ಅದನ್ನು ಇನ್ನೊಮ್ಮೆ ಮಾಡಬೇಕು. ಕರೆದವರಿಗೆಲ್ಲ ಹೊಸ ಆಹ್ವಾನ ಹೋಗುತ್ತದೆ. 'ಮತ್ತೇನು ಹೊಸ ಮೀಟಿಂಗಾ?' ಅಂತ ಗೊಣಗುತ್ತಾರೆ, ಗೊಣಗಲಿ.

ಕ್ಯಾಲೆಂಡರ್ ಅಂದರೆ ಮುಂದಿನದಕ್ಕೆ ಮಾತ್ರ, ಕಳೆದದ್ದು ಹೇಗಿದ್ದರೇನು ಅಂತ ಗೆಳೆಯರೊಬ್ಬರು ನಕ್ಕರು. ಒಪ್ಪಲಾರೆ. ನನ್ನಂಥ ಡೈರಿ ಬರೆಯದವರಿಗೆ ಇರುವ ದಾಖಲೆ ಇದೊಂದೇ. ತಮಾಷೆ ಎಂದರೆ, ಕ್ಯಾಲೆಂಡರ್‌ಗಳ ನಡುವೆ ಮಾಹಿತಿ ಸಾಗಿಸುವ ಐಕ್ಯಾಲೆಂಡರ್ ಮಾನದಂಡದಲ್ಲಿ, 1998ರ ಆವೃತ್ತಿಯಲ್ಲಿ, 'ಇದು ಮತ್ತು ಇದರ ಹಿಂದಿನವು' ಎಂಬ ಆಯ್ಕೆಯೂ ಇತ್ತು. 2009ರಲ್ಲಿ ಅದರ ಹೊಸ ಆವೃತ್ತಿ, ಆರ್‌ಎಫ್‌ಸಿ 5545, ಬಂದಾಗ ಆ 'ಹಿಂದಿನವು' ಆಯ್ಕೆಯನ್ನು ಇನ್ನು ಬಳಸಕೂಡದು ಅಂದರು, 'ಮುಂದಿನವು' ಮಾತ್ರ ಉಳಿಯಿತು. ನನ್ನ 'ಎಲ್ಲವೂ' ಗುಂಡಿ ಮಾತ್ರ ಇನ್ನೂ ಅಲ್ಲೇ ಇದೆ, ಹೆಬ್ಬೆರಳಿಗೆ ಸಿಗುವ ಹಾಗೆ.