ಸೊಪ್ಪು ಸೋಸುವ ಕಾಯ್ದೆ

ಭಾನುವಾರ ಬೆಳಿಗ್ಗೆ ಅಮ್ಮ ಹಳೇ ಪೇಪರ್ ಹಾಸಿಕೊಂಡು ಮೆಂತ್ಯದ ಸೊಪ್ಪು ಸೋಸುತ್ತಿದ್ದಳು. ಟಿವಿಯಲ್ಲಿ ಆರು ಜನ ಒಟ್ಟಿಗೇ ಕಿರುಚುತ್ತಿದ್ದರು: ಗಾಂಜಾ ಕಾನೂನುಬದ್ಧ ಆಗಬೇಕೋ ಬೇಡವೋ?

"ಅರ್ಧ ಆಗಲೇ ಆಗಿದೆಯಮ್ಮ" ಅಂದೆ.

ಸುಳ್ಳಲ್ಲ. ಮಾದಕ ವಸ್ತುಗಳನ್ನು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆ ಬರೆದವರು ಸೊಪ್ಪು ಸೋಸಿ ಪಳಗಿದವರೇ ಇರಬೇಕು. ಗಿಡದ ಹೂತುದಿ ಗಾಂಜಾ, ಅದರ ಅಂಟು ಚರಸ್. ಹೂವಿನ ಸಹವಾಸ ಬಿಟ್ಟ ಎಲೆ, ಬೀಜ ಮಾತ್ರ ಸಭ್ಯರು. ಹೂವು 20 ಕಿಲೊ ದಾಟಿತೋ, ಕನಿಷ್ಠ 10 ವರ್ಷ ಜೈಲು. ಅದೇ ಗಿಡದ ಎಲೆ ರುಬ್ಬಿ ಮಾರಲು ಜೈಸಲ್ಮೇರ್‌ನಲ್ಲಿ ಸರ್ಕಾರದ ಪರವಾನಗಿ, ಮೇಲೊಂದು ಬೋರ್ಡು. ಅದರ ಹೆಸರು ಭಂಗ್; ನಮ್ಮ ಅಜ್ಜಂದಿರ ಭಂಗಿ ಸೊಪ್ಪು ಅಂದರೆ ಇದೇ.

2022ರಲ್ಲಿ ಬೆಂಗಳೂರು ಪೊಲೀಸರು 29 ಕಿಲೊ ಭಂಗ್ ಮತ್ತು 400 ಗ್ರಾಂ ಗಾಂಜಾ ಹಿಡಿದಿದ್ದರು. ಭಂಗ್ ಅನ್ನು ಉತ್ತರ ಭಾರತದ ಲಸ್ಸಿ ಅಂಗಡಿಗಳಲ್ಲೇ ಮಾರುತ್ತಾರೆ, ಕಾಯ್ದೆಯಲ್ಲಿ ಅದಕ್ಕೆ ನಿಷೇಧ ಇಲ್ಲ ಎಂದ ಹೈಕೋರ್ಟ್ ಜಾಮೀನು ಕೊಟ್ಟಿತು. ಆಮೇಲಾದರೂ ಠಾಣೆಗೊಬ್ಬ ಸೊಪ್ಪಿನ ಅಜ್ಜಿಯನ್ನು ನೇಮಿಸಿಕೊಳ್ಳಬಹುದಿತ್ತು.

ಬ್ರಿಟಿಷರು ಇದೇ ಗಿಡ ಜನರಿಗೆ ಹುಚ್ಚು ಹಿಡಿಸುತ್ತದೆಯೇ ಎಂದು 1893ರಲ್ಲಿ ಆಯೋಗ ಕೂರಿಸಿದ್ದರು. ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ಕೇಳಿದ ಆಯೋಗ, ಮಿತವಾಗಿ ಸೇವಿಸಿದರೆ ಭಾರೀ ಹಾನಿಯಿಲ್ಲ, ನಿಷೇಧ ಬೇಡ ಎಂದಿತು. ಸಂಪುಟಗಟ್ಟಲೆ ವರದಿ. ಟಿವಿಯ ಆರು ಜನರಲ್ಲಿ ಒಬ್ಬರೂ ಅದರ ಧೂಳು ಕೊಡವಿದ ಹಾಗೆ ಕಾಣಲಿಲ್ಲ.

ಪರ ವಹಿಸಿದವರೂ ಕಮ್ಮಿಯಿಲ್ಲ. ಅವರ ಪಾಲಿಗೆ ಗಾಂಜಾ ಎಂಬುದು ಕ್ಯಾನ್ಸರ್‌ನಿಂದ ರಾಜ್ಯದ ಸಾಲದವರೆಗೆ ಎಲ್ಲದಕ್ಕೂ ಮದ್ದು. ಹೆಸರು ಬದಲಾದರೆ ಮರ್ಯಾದೆಯೂ ಬರುತ್ತದೆ ನೋಡಿ: ಗಾಂಜಾ ಅಂದರೆ ಲಾಠಿ, ಹೆಂಪ್ ಅಂದರೆ ಪ್ರೋಟೀನ್. 2021ರಿಂದ ಅದರ ಬೀಜ ಅಧಿಕೃತ ಆಹಾರ. ನಮ್ಮ ಅಪಾರ್ಟ್‌ಮೆಂಟಿನ ಯೋಗದ ಮೇಡಂ ಸ್ಮೂದಿಗೆ ಉದುರಿಸಿಕೊಳ್ಳುತ್ತಾರೆ.

ಈ ದೇಶದಲ್ಲಿ ಮಾಲನ್ನು ಯಾವ ಅಂಜಿಕೆಯೂ ಇಲ್ಲದೆ ಸೇವಿಸಿದವು ಮಥುರಾದ ಇಲಿಗಳು ಮಾತ್ರ. ವಶಪಡಿಸಿಕೊಂಡ 581 ಕಿಲೊ ಗಾಂಜಾವನ್ನು ಅವು ತಿಂದವು ಎಂದು 2022ರಲ್ಲಿ ಪೊಲೀಸರೇ ಕೋರ್ಟಿಗೆ ಹೇಳಿದರು. ಒಂದು ಇಲಿಯ ಮೇಲೂ ಎಫ್‌ಐಆರ್ ಇಲ್ಲ.

ಅಮ್ಮ ಕೈ ನಿಲ್ಲಿಸಿದಳು. "ಎಲೆ ತಿನ್ನಬಹುದು ಅಂದೆ. ಹಾಗಾದ್ರೆ ಹಿತ್ತಲಲ್ಲಿ ಒಂದು ಗಿಡ ಹಾಕಬಹುದೇನೋ?"

"ಅಯ್ಯೋ, ಲೈಸೆನ್ಸ್ ಇಲ್ಲದೆ ಗಿಡ ಬೆಳೆಸಿದ್ರೆ 10 ವರ್ಷದವರೆಗೂ ಒಳಗೆ ಹಾಕ್ತಾರೆ."

"ಮತ್ತೆ ಎಲೆ ಎಲ್ಲಿಂದ ಬರುತ್ತೋ, ಆಕಾಶದಿಂದ ಉದುರುತ್ತಾ?"

ಉತ್ತರಕ್ಕೆ ಕಾಯಲಿಲ್ಲ. ಪೇಪರ್ ಸಮೇತ ದಂಟು ಮಡಚಿ ಕಸದ ಬುಟ್ಟಿಗೆ ಹಾಕಿ, "ಟಿವಿ ಆರಿಸು, ಒಗ್ಗರಣೆ ಹಾಕಬೇಕು" ಅಂದಳು.